ಏಳು ನೀರಲ್ಲಿ ತೊಳೆದ ಬೇರು

ಕೊರೊನಾ ಸರಿದ ಮರುವರ್ಷ ನಾನು ಪುಣೆಯ ಶಿವಾಜಿನಗರದಲ್ಲಿ, ನರ್ಸರಿ ಗಿಡಗಳನ್ನು ರಫ್ತು ಮಾಡುವ ಕಂಪನಿಯೊಂದರಲ್ಲಿ ಡಾಕ್ಯುಮೆಂಟೇಶನ್ ಮ್ಯಾನೇಜರ್ ಆಗಿದ್ದೆ. ಗಿಡಗಳ ವಿಷಯ ನನಗೆ ಅಷ್ಟಕ್ಕಷ್ಟೇ, ಗಿಡಗಳ ಕಾಗದಪತ್ರ ಮಾತ್ರ ಬಾಯಿಪಾಠ.

ಊರಂಚಿನ ಕೊಂಢವಾದಾಚೆ ನರ್ಸರಿ ಇಟ್ಟಿದ್ದ ವಿಜಯಪುರ ಕಡೆಯ ಮಲ್ಲಪ್ಪನವರು ಎಂಟು ವರ್ಷ ಹೂವಿಗೆ ಹೂ ಕೂಡಿಸಿ ಹೊಸ ದಾಸವಾಳವೊಂದನ್ನು ತೆಗೆದಿದ್ದರು. ಬೆಳಿಗ್ಗೆ ತಾಮ್ರದ ಬಣ್ಣ, ಸಂಜೆಗೆ ಗುಲಾಬಿ, ಅಂಚಿಗೆ ಹಳದಿ ಗೆರೆ. ಹೆಂಡತಿಯ ಹೆಸರನ್ನೇ ಇಟ್ಟು ‘ಗಂಗಾ’ ಎನ್ನುತ್ತಿದ್ದರು. ನಮ್ಮ ಯುರೋಪಿನ ಖರೀದಿದಾರ ಬಂದು ನೋಡಿದ, ಅವರ ಮನೆಯಲ್ಲೇ ರೊಟ್ಟಿ ಉಂಡ, ಪರೀಕ್ಷೆಗೆಂದು ನಲವತ್ತು ಗಿಡ ಕೇಳಿದ.

ಮಲ್ಲಪ್ಪನವರು ಹಿಂಜರಿದರು. “ಗಿಡ ಕೊಟ್ರ ತಳಿನ ಕೊಟ್ಟಂಗ್ರಿ, ಸಾಹೇಬ್ರ.”

“ನಾ ಅದೀನಲ್ರಿ, ಮಲ್ಲಪ್ಪಣ್ಣ,” ಎಂದೆ.

ಹೊರದೇಶಕ್ಕೆ ಹೋಗುವ ಗಿಡದ ಬೇರಿನಲ್ಲಿ ಮಣ್ಣು ಇರಕೂಡದು. ಮಣ್ಣಿನ ಜೊತೆ ಹುಳ, ರೋಗ ಹೋಗುತ್ತವೆ. ಬೇರು ತೊಳೆದು ತೆಂಗಿನ ನಾರಿನ ಪುಡಿಯಲ್ಲಿ ಕೂರಿಸಬೇಕು. ಮಲ್ಲಪ್ಪನವರು ಆಳುಗಳಿಗೆ ಬಿಡದೆ ತಾವೇ ಕೂತು ತೊಳೆದರು. ಸರ್ಕಾರಿ ಅಧಿಕಾರಿ ಪರೀಕ್ಷಿಸಿ, ಗಿಡ ಶುದ್ಧವೆಂಬ ಫೈಟೋಸ್ಯಾನಿಟರಿ ಪ್ರಮಾಣಪತ್ರ ಕೊಟ್ಟರು. ಅದನ್ನು ಫೈಲಿಗೆ ಸೇರಿಸಿದವನು ನಾನೇ.

ಮೂರು ವಾರಕ್ಕೆ ಖರೀದಿದಾರನ ಇಮೇಲ್ ಬಂತು: ಬೇರಿನಲ್ಲಿ ಮಣ್ಣು ಸಿಕ್ಕಿದೆ, ಅಲ್ಲಿನ ಸಸ್ಯ ಕ್ವಾರಂಟೈನ್ ಇಲಾಖೆಯವರು ನಲವತ್ತನ್ನೂ ಸುಟ್ಟಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವ ನಾನು ಕೂಡಲೇ ಫೋನು ಹಚ್ಚಿ ಮಲ್ಲಪ್ಪನವರನ್ನು ಬಾಯಿಗೆ ಬಂದಂತೆ ಬೈದೆ.

“ಏಳು ಸಲ ನೀರು ಬದ್ಲಿಸಿ ತೊಳದೀನ್ರಿ,” ಎಂದರು. ನಾನು ನಂಬಲಿಲ್ಲ. ನಮ್ಮ ಪಟ್ಟಿಯಿಂದ ಅವರ ಹೆಸರು ಹೊಡೆದುಹಾಕಿದೆ. ಸುದ್ದಿ ಹಬ್ಬಿ, ಬೇರೆ ರಫ್ತುದಾರರೂ ಅವರ ಕಡೆ ಸುಳಿಯಲಿಲ್ಲ.

ಕಳೆದ ವರ್ಷ ಪುಣೆಯದೇ ಕೋಥರೂಡದ ಗಿಡದಂಗಡಿಯೊಂದರಲ್ಲಿ ತಾಮ್ರದ ಬಣ್ಣದ ದಾಸವಾಳ ಕಂಡು ನಿಂತೆ. ಅಂಚಿಗೆ ಹಳದಿ ಗೆರೆ. ಚೀಟಿಯಲ್ಲಿ ಯಾವುದೋ ವಿದೇಶಿ ಹೆಸರು, ಕೆಳಗೆ ಅದೇ ಖರೀದಿದಾರನ ಕಂಪನಿ, ‘ಇದರಿಂದ ಸಸಿ ಮಾಡುವುದು ನಿಷಿದ್ಧ’ ಎಂಬ ಎಚ್ಚರಿಕೆ. ಗಿಡಗಳನ್ನು ಯಾರೂ ಸುಟ್ಟೇ ಇರಲಿಲ್ಲ. ಉಂಡ ಮನೆಯ ಗಳ ಹಿರಿದವನು ತಳಿಯನ್ನು ತನ್ನ ಹೆಸರಿಗೆ ಮಾಡಿಕೊಂಡು, ಮಾಲೀಕರನ್ನೇ ಕಳ್ಳರನ್ನಾಗಿ ಮಾಡಿದ್ದ. ಮೈಯೆಲ್ಲ ಉರಿಯಿತು. ಸ್ವಲ್ಪ ಹೊತ್ತಿಗೆ ಆ ಉರಿ ನನ್ನ ಕಡೆಗೇ ತಿರುಗಿತು.

ಕುಂಡ ಕೊಂಡು ನೇರ ಕೊಂಢವಾಕ್ಕೆ ಹೋದೆ. ಮಲ್ಲಪ್ಪನವರು ಹೂವನ್ನು ನೋಡಿದರು, ಚೀಟಿಯನ್ನು ನನ್ನಿಂದ ಓದಿಸಿಕೊಂಡರು. ವಕೀಲರ ಮಾತು ಎತ್ತುತ್ತಾರೆ, ನನ್ನನ್ನು ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ.

“ಅಂದ್ರ ಬೇರು ಸ್ವಚ್ಛ ಇದ್ವಲ್ರಿ?” ಎಂದರು.

“ಹೌದ್ರಿ,” ಎಂದೆ. ತಲೆ ಎತ್ತಲಾಗಲಿಲ್ಲ.

ಗಿಡ ಸುಟ್ಟರೆ ಆ ದೇಶದ ಇಲಾಖೆ ಲಿಖಿತ ನೋಟಿಸ್ ಕೊಡುತ್ತದೆ. ಅದನ್ನು ಕೇಳುವುದು ನನ್ನ ಕೆಲಸವಾಗಿತ್ತು. ಈಗ ಹೊಸಬರಿಗೆ ಅದನ್ನೇ ಮೊದಲು ಕಲಿಸುತ್ತೇನೆ. ಎರಡು ಸಾಲಿನ ಇಮೇಲ್, ಐದು ನಿಮಿಷದ ಕೆಲಸ. ಆ ಐದು ನಿಮಿಷವನ್ನು ನಾನು ಮಲ್ಲಪ್ಪನವರನ್ನು ಬೈಯಲು ಬಳಸಿದ್ದೆ.