ಬಿಟಿಎಂನ ಬೆಕ್ಕು, ಮಡಿವಾಳದ ಮೀನು

ಹಟ ಹಿಡಿದರೆ ನಾನು ಯಾರ ಮಾತೂ ಕೇಳುವವಳಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡದ ಕಡೆಯಿಂದ ಬಂದು, ಬಿಟಿಎಂ ಲೇಔಟಿನ ಒಂದು ಮನೆಯ ಹಿಂಭಾಗದ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಒಂದು ಬೆಳಿಗ್ಗೆ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಬೂದು ಬಣ್ಣದ ಬೆಕ್ಕೊಂದು ಮುದುಡಿ ಕೂತಿತ್ತು. ಕಾಂಪೌಂಡಿನ ಆಚೆಯ ಖಾಲಿ ಸೈಟಿನಲ್ಲಿ ಇಲಿ ಹಿಡಿದುಕೊಂಡು ಬದುಕುತ್ತಿದ್ದ, ಯಾರ ಕೈಗೂ ಸಿಗದ ಬೆಕ್ಕು ಅದು. ನಾಯಿ ಕಚ್ಚಿ ಹಿಂಗಾಲಿನ ಮಾಂಸ ಕಿತ್ತು ಬಂದಿತ್ತು. ಹತ್ತಿರ ಹೋದರೆ ಉಸ್ಸೆಂದು ಹಲ್ಲು ತೋರಿಸಿತು. ಈ ಸ್ಥಿತಿಯಲ್ಲೂ ಇಷ್ಟು ಸೊಕ್ಕೇ ಎಂದು ನನಗೆ ಅದರ ಮೇಲೆ ಪ್ರೀತಿಯೇ ಬಂತು. ಅವ್ವ ಹೊಲಿದು ಕೊಟ್ಟಿದ್ದ ಕೌದಿಯನ್ನು ಅದರ ಮೇಲೆ ಎಸೆದು, ಒದ್ದಾಡುತ್ತಿದ್ದ ಗಂಟನ್ನು ಹಾಗೇ ಎತ್ತಿಕೊಂಡು, ಆಫೀಸಿಗೆ ಚಕ್ಕರ್ ಹೊಡೆದು ಆಟೋ ಹತ್ತಿದೆ.

ದನದ ಆಸ್ಪತ್ರೆಯ ಡಾಕ್ಟರು ಹೊಲಿಗೆ ಹಾಕಿ ಕೈ ತೊಳೆದುಕೊಂಡರು. "ಮೂಳೆ ಮುರಿದಿಲ್ಲ ಮೇಡಂ. ಆದ್ರೆ ಕಾಂಪೌಂಡ್ ಹಾರೋಕಾಗ್ಲಿಲ್ಲ ಅಂದ್ರೆ ನಾಯಿಗಳು ಇದನ್ನ ಬಿಡಲ್ಲ. ಮೀನಲ್ಲಿ ಮಾತ್ರೆ ಪುಡಿ ಮಾಡಿ ಹಾಕಿ. ಮುದ್ದು ಮಾತ್ರ ಮಾಡ್ಬೇಡಿ. ಮನುಷ್ಯರ ಭಯ ಹೋದ್ರೆ ಇದು ಬೀದೀಲಿ ಉಳಿಯಲ್ಲ."

"ಇಷ್ಟೇನ್ರೀ? ಮಾಡ್ತೀನಿ ತಗೋರಿ," ಎಂದೆ.

ಹುಟ್ಟಿದಾಗಿನಿಂದ ನಾನು ಮೀನು ಮುಟ್ಟಿದವಳಲ್ಲ. ಓನರ್ ಆಂಟಿಯಂತೂ ಕೋಣೆ ಕೊಡುವ ಮೊದಲು ಮೊಟ್ಟೆ ತಿಂತೀಯಾ ಎಂದು ಎರಡು ಸಲ ಕೇಳಿದ್ದರು. ಬೆಕ್ಕು ವಾಸಿಯಾಗುವವರೆಗೆ ನನ್ನ ಬಚ್ಚಲಿನಲ್ಲಿರಲಿ, ಆಮೇಲೆ ಒಂದು ದಿನವೂ ಬೇಡ ಎಂದು ಅವರು ಒಪ್ಪಿದ್ದೇ ದೊಡ್ಡದು. ಹಾಲು ಅನ್ನ ಇಟ್ಟು ನೋಡಿದೆ. ಬೆಕ್ಕು ಮೂಸಿಯೂ ನೋಡಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಮಡಿವಾಳದ ಮಾರ್ಕೆಟ್ಟಿಗೆ ಹೋದೆ.

"ಯಾವ್ ಮೀನು ಬೇಕಮ್ಮ?" ಎಂದಳು ಮೀನು ಮಾರುವಾಕೆ.

ನನಗೆ ಒಂದರ ಹೆಸರೂ ಗೊತ್ತಿರಲಿಲ್ಲ. "ಬೆಕ್ಕಿಗೆ ಬೇಕ್ರೀ."

ಆಕೆ ಪಕ್ಕದವಳ ಮುಖ ನೋಡಿ ನಕ್ಕಳು. "ಎಲ್ಲಾ ಹಂಗೇ ಹೇಳ್ತಾರೆ. ನಾಚ್ಕೋಬೇಡ ಕಣಮ್ಮ. ಈ ಸಣ್ಣದು ತಗೊಂಡೋಗು, ಖಾರ ಹಚ್ಚಿ ಹುರ್ಕೋ. ಸಖತ್ತಾಗಿರುತ್ತೆ."

ಆಣೆ ಮಾಡಿ ಹೇಳಿದರೂ ನಂಬಲಿಲ್ಲ. ಆಮೇಲೆ ಹೋದಾಗಲೆಲ್ಲ "ಬೆಕ್ಕು ಹೆಂಗೈತಮ್ಮ?" ಎಂದು ನನ್ನ ಹೊಟ್ಟೆಯ ಕಡೆ ನೋಡುತ್ತಿದ್ದಳು. ಮನೆಯಲ್ಲಿ ಇನ್ನೊಂದು ಫಜೀತಿ. ವಾಸನೆ ಮುಚ್ಚಲು, ಹಿತ್ತಲಿನ ಸೀಮೆಎಣ್ಣೆ ಸ್ಟೌವಿನಲ್ಲಿ ಮೀನು ಬೇಯುವಷ್ಟು ಹೊತ್ತೂ ಊದುಬತ್ತಿ ಹಚ್ಚಿಡುತ್ತಿದ್ದೆ. ಆಂಟಿ ಕಿಟಕಿಯಿಂದಲೇ, "ದಿನಾ ಎಷ್ಟ್ ಶ್ರದ್ಧೆಯಿಂದ ಪೂಜೆ ಮಾಡ್ತೀಯಮ್ಮ!" ಎಂದು ಮೆಚ್ಚಿಕೊಂಡರು. ನಾನು ನಾಚಿಕೆಯಿಲ್ಲದೆ ಕೈ ಮುಗಿದೆ.

ಮೂರನೆಯ ವಾರಕ್ಕೆ ಗಾಯ ಒಣಗಿತು. ಆಗ ಕಸರತ್ತು ಶುರು ಮಾಡಿಸಿದೆ. ಬಚ್ಚಲಿನ ಬಾಗಿಲು ಹಾಕಿಕೊಂಡು ತಟ್ಟೆಯನ್ನು ಮೊದಲು ಇಟ್ಟಿಗೆಯ ಮೇಲೆ, ನಾಲ್ಕು ದಿನ ಬಿಟ್ಟು ಮಗುಚಿಟ್ಟ ಬಕೆಟ್ಟಿನ ಮೇಲೆ, ಆಮೇಲೆ ನೀರಿನ ಡ್ರಮ್ಮಿನ ಮೇಲೆ ಇಟ್ಟೆ. ಬೆಕ್ಕು ಎರಡು ಸಲ ಜಾರಿ ಬಿತ್ತು, ಮೂರನೆಯ ಸಲ ಹತ್ತಿತು. ಈ ಉಪಾಯ ಯಾರೂ ಹೇಳಿಕೊಟ್ಟದ್ದಲ್ಲ ಎಂದು ನನಗೆ ಇವತ್ತಿಗೂ ಜಂಬವಿದೆ.

ಡಾಕ್ಟರು ಹೇಳಿದ ಇನ್ನೊಂದು ಮಾತಿನಲ್ಲಿ ಮಾತ್ರ ಸೋತೆ. ಒಂದು ಸಂಜೆ ತಟ್ಟೆ ಇಡುತ್ತಿದ್ದಾಗ ಬೆಕ್ಕು ಬಂದು ನನ್ನ ಮಣಿಕಟ್ಟಿಗೆ ತಲೆ ಉಜ್ಜಿತು. ಕೈ ಹಿಂದೆಗೆಯಬೇಕಿತ್ತು, ಹಿಂದೆಗೆಯಲಿಲ್ಲ. ಈ ಊರಿಗೆ ಬಂದ ಮೇಲೆ ಅಷ್ಟು ಹತ್ತಿರ ಯಾರೂ ಬಂದಿರಲಿಲ್ಲ. ಕಿವಿಯ ಹಿಂದೆ ಕೆರೆದೆ. ಮರುದಿನವೂ ಕೆರೆದೆ, ಅದರ ಮರುದಿನವೂ.

ಬಿಡುವ ದಿನ ಬಂತು. ಬಚ್ಚಲಿನ ಬಾಗಿಲು ತೆರೆದೆ. ಬೆಕ್ಕು ಹಿತ್ತಲಿಗೆ ಬಂದು, ಗೋಡೆಯ ಕಡೆ ನೋಡದೆ, ನನ್ನ ಪಾದದ ಮೇಲೆ ಮೈ ಚಾಚಿ ಮಲಗಿತು. "ಹೋಗವಾ," ಎಂದೆ. ಕಣ್ಣು ಮುಚ್ಚಿತು. ಹೀಗೇ ಹೋಗಿ ದಾರಿಯಲ್ಲಿ ಸಿಕ್ಕವರ ಕಾಲ ಬಳಿಯೂ ಮಲಗಿದರೆ ಇದರ ಕಥೆ ಮುಗಿದ ಹಾಗೆ. ತಪ್ಪು ನನ್ನದು, ತಿದ್ದಬೇಕಾದವಳೂ ನಾನೇ. ತಟ್ಟೆಯನ್ನು ಕಲ್ಲಿಗೆ ಬಡಿದು ಕೂಗಿದೆ. ಎದ್ದು ದೂರ ನಿಂತಿತು, ಹೋಗಲಿಲ್ಲ. ಒಂದು ಚೆಂಬು ನೀರು ಮುಖಕ್ಕೆ ಎರಚಿದೆ. ಅದು ನನ್ನನ್ನೇ ನೋಡಿತು. ಏನು ತಪ್ಪು ಮಾಡಿದೆ ಎಂದು ಕೇಳುವಂತಿತ್ತು ಆ ನೋಟ. ಮತ್ತೊಂದು ಚೆಂಬು ಎರಚುವಷ್ಟರಲ್ಲಿ ಬೆಕ್ಕು ಗೋಡೆಯ ಮೇಲಿತ್ತು. ಒಂದೇ ನೆಗೆತ. ಕಾಲು ಒಂದಿಷ್ಟೂ ತಡವರಿಸಲಿಲ್ಲ. ಮರುಕ್ಷಣ ಆಚೆ ಇಳಿದು ಹೋಯಿತು.

ಮುಂದೆ ಎಷ್ಟೋ ಸಲ ಖಾಲಿ ಸೈಟಿನಲ್ಲಿ ಅದನ್ನು ಕಂಡೆ. ಮೈ ಕೈ ತುಂಬಿಕೊಂಡು ಚೆನ್ನಾಗಿತ್ತು. ಎಲ್ಲರಿಗೂ ಹೆದರುತ್ತಿತ್ತು, ನನಗೆ ಸ್ವಲ್ಪ ಹೆಚ್ಚೇ. ನಾನು ಮಾಡಿದ್ದು ಸರಿ, ಯಾರು ಕೇಳಿದರೂ ಹಾಗೇ ಹೇಳುತ್ತೇನೆ. ಆದರೆ ಅದು ಗೋಡೆ ಹಾರಿದ ದಿನ ಖಾಲಿ ಬಚ್ಚಲಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದೆ.