ಜೂನ್ ಒಂದನೇ ತಾರೀಖಿನ ಮಕ್ಕಳು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಸೇಡಂನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಾಗ ನನ್ನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ಮಕ್ಕಳು ಬಾಯಿ ಮುಚ್ಚುತ್ತಿದ್ದರು. ಅದನ್ನು ನಾನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದೆ. ಈಗ ಹೇಳುತ್ತಿರುವುದು ಅಂಥ ಮಾತಲ್ಲ. ನನ್ನ ತರಗತಿಯ ಒಬ್ಬ ಹುಡುಗಿಯ ಓದನ್ನು ನಾನು ಹೇಗೆ ಹಾಳು ಮಾಡಿದೆ ಎಂಬುದನ್ನು ಹೇಳುತ್ತಿದ್ದೇನೆ.

ನನ್ನ ಗಂಡನಿಗೆ ರೈಲ್ವೆಯಲ್ಲಿ ಕೆಲಸ, ಮನೆ ವಾಡಿಯಲ್ಲಿ. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಹಿಡಿದು ಚಿತ್ತಾಪುರ ದಾಟಿ ಸೇಡಂಗೆ ಹೋಗಬೇಕು, ಸಂಜೆ ಅದೇ ದಾರಿಯಲ್ಲಿ ವಾಪಸು. ವಾಡಿಗೆ ವರ್ಗ ಮಾಡಿಸಿಕೊಳ್ಳಲು ವರ್ಷಗಟ್ಟಲೆ ಅರ್ಜಿ ಹಾಕಿ ಹಾಕಿ ಹೈರಾಣಾಗಿದ್ದೆ. ಆ ಹೊತ್ತಿಗೇ ಶಾಲೆಗೆ ಐದು ಕಂಪ್ಯೂಟರ್ ಬಂದವು. ಹತ್ತು ದಿನದ ತರಬೇತಿ ಮುಗಿಸಿ ಬಂದ ನಾನೇ ಕಂಪ್ಯೂಟರ್ ಟೀಚರ್ ಆದೆ. ನಾನು ಅಲ್ಲಿ ಕಲಿತದ್ದಾದರೂ ಏನು? ಆನ್ ಮಾಡುವುದು, ಆಫ್ ಮಾಡುವುದು, ನಡುವೆ ಒಂದಿಷ್ಟು ಟೈಪ್ ಮಾಡುವುದು.

ತಪಾಸಣೆಗೆ ಸಾಹೇಬರು ಬರುವವರಿದ್ದರು. ಅಷ್ಟರೊಳಗೆ ಹತ್ತನೆಯ ತರಗತಿಯ ಪ್ರತಿ ಮಗುವಿಗೂ ಇ-ಮೇಲ್ ಇರಬೇಕೆಂದು ಹೆಡ್ ಮಾಸ್ತರರು ಹಟ ಹಿಡಿದರು. ಶಾಲೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಇಂಟರ್ನೆಟ್ ಅಂಗಡಿ ಇತ್ತು. ಮೊದಲು ಅಲ್ಲಿ ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮಾಲಕರನ್ನು ಇಡೀ ಊರೇ ಚಾಚಾ ಅನ್ನುತ್ತಿತ್ತು. ಭಾನುವಾರಗಳಂದು ಮಕ್ಕಳನ್ನು ಐದೈದು ಮಂದಿಯಂತೆ ಅಲ್ಲಿಗೆ ಕರೆದುಕೊಂಡು ಹೋದೆ.

ಪಾಸ್‌ವರ್ಡ್ ಎಂದರೆ ಮಕ್ಕಳಿಗೆ ಗೊಂದಲ. ಹಿಂದಿನ ವಾರ ಇಟ್ಟದ್ದನ್ನು ಈ ವಾರ ಮರೆತು ಬಂದು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. ನನಗೆ ತಲೆ ಕೆಟ್ಟಿತು. ದಾಖಲಾತಿ ರಿಜಿಸ್ಟರ್ ತರಿಸಿ, ಪ್ರತಿಯೊಬ್ಬರ ಹುಟ್ಟಿದ ತಾರೀಖನ್ನೇ ಪಾಸ್‌ವರ್ಡ್ ಮಾಡಿಬಿಟ್ಟೆ.

ನಮ್ಮ ಕಡೆಯ ಶಾಲೆಗಳ ಪದ್ಧತಿ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಮಗುವನ್ನು ಹೆಸರು ಹಚ್ಚಲು ಕರೆತಂದ ತಂದೆ-ತಾಯಿ ಹುಟ್ಟಿದ ದಿನ ಯಾವುದೆಂದರೆ ಹಬ್ಬ ಹೇಳುತ್ತಿದ್ದರು, ಮಳೆ ಹೇಳುತ್ತಿದ್ದರು, ತಿಥಿ ಹೇಳುತ್ತಿದ್ದರು. ಅದಕ್ಕೆ ತಾರೀಖು ಹುಡುಕುತ್ತ ಕೂರುವವರು ಯಾರು? ಮಾಸ್ತರರು ಬೆರಳೆಣಿಸಿ ವರ್ಷ ಕೂಡಿಸಿ ಜೂನ್ ಒಂದು ಅಂತ ಬರೆದುಬಿಡುತ್ತಿದ್ದರು. ನಮ್ಮ ಕಡೆ ಅರ್ಧಕ್ಕರ್ಧ ಊರು ಹುಟ್ಟಿದ್ದೇ ಜೂನ್ ಒಂದಕ್ಕೆ. ಕಾಗದದ ಪ್ರಕಾರ ನಾನೂ ಅಂದೇ ಹುಟ್ಟಿದವಳು, ನನ್ನ ಗಂಡನೂ ಅಂದೇ.

ಒಂದೇ ತರಗತಿಯವರಾದ್ದರಿಂದ ವರ್ಷವೂ ಹೆಚ್ಚುಕಡಿಮೆ ಒಂದೇ. ಹೀಗಾಗಿ ನಲವತ್ತೆರಡು ಮಕ್ಕಳಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಗೆ ಒಂದೇ ಪಾಸ್‌ವರ್ಡ್ ಆಯಿತು. ನಾನು ನಕ್ಕೆ. ಹೋಗಲಿ, ನನ್ನ ಕೆಲಸ ಹಗುರಾಯಿತು ಅಂದುಕೊಂಡೆ.

ಚಾಚಾ ನಗಲಿಲ್ಲ. "ಟೀಚರ್ರೀ, ಎಲ್ಲಾರ ಮನಿಗೂ ಒಂದ ಚಾವಿ ಮಾಡ್ಲಿಕತ್ತೀರಲ್ರಿ. ಹುಡುಗ್ರು ಭಾಳ ಚಾಲೂ ಇರ್ತಾವ. ಬದಲ್ ಮಾಡಸ್ರಿ" ಅಂದರು.

"ನಿಮ್ಮ ಅಂಗಡಿ ನೀವು ನೋಡ್ಕೋರಿ ಚಾಚಾ, ನನ್ನ ಹುಡುಗ್ರನ್ನ ನಾ ನೋಡ್ಕೋತೀನಿ" ಅಂದೆ. ಅವರು ಕುರ್ಚಿ ಸರಿಸಿ ಕೊಟ್ಟರು. ಆ ಮಾತು ನೆನಪಾದರೆ ಈಗಲೂ ನನ್ನ ಬಾಯಿಗೆ ನಾನೇ ಬಡಿದುಕೊಳ್ಳಬೇಕೆನಿಸುತ್ತದೆ.

ಇನ್ನು ಆ ಹುಡುಗಿ. ಗುಡಿಯಲ್ಲಿ ಪೂಜೆ ಮಾಡುವ ಆಚಾರ್ಯರ ಮಗಳು, ರಿಜಿಸ್ಟರಿನಲ್ಲಿ ಅವಳ ತಾರೀಖೂ ಜೂನ್ ಒಂದೇ. ಗಣಿತದಲ್ಲಿ ನಾನು ಬೋರ್ಡಿನ ಮೇಲೆ ತಪ್ಪು ಮಾಡಿದರೆ ಎದ್ದು ನಿಂತು ತೋರಿಸುವಷ್ಟು ಚುರುಕು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಸಿಡುಕುತ್ತಿದ್ದೆ, ಅವಳ ಮೇಲೆ ಮಾತ್ರ ಸಿಟ್ಟು ಬರುತ್ತಿರಲಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಬೇಕು, ಅದಕ್ಕೆ ಗುಲಬರ್ಗಾದ ಹಾಸ್ಟೆಲ್‌ನಲ್ಲಿರಬೇಕು ಎಂಬುದು ಅವಳ ಆಸೆ. ತಂದೆ ಅರೆಮನಸ್ಸಿನಲ್ಲಿದ್ದರು. ನಾನೇ ಮನೆಗೆ ಹೋಗಿ, ಅವರು ಕೊಟ್ಟ ಅವಲಕ್ಕಿ ತಿಂದು, "ಕಳಸ್ರಿ ಆಚಾರ್ರೇ, ನಾ ಜಿಮ್ಮೇದಾರಿ" ಎಂದು ಒಪ್ಪಿಸಿ ಬಂದಿದ್ದೆ.

ತಪಾಸಣೆ ಚೆನ್ನಾಗಿಯೇ ಆಯಿತು. ಸಾಹೇಬರು ಹೊಗಳಿದರು. ಹೆಡ್ ಮಾಸ್ತರರು ಖುಷಿಯಾಗಿ ನನ್ನ ವರ್ಗದ ಅರ್ಜಿಗೆ ಶಿಫಾರಸು ಬರೆಯುತ್ತೇನೆಂದರು. ಅದಾಗಿ ಒಂದು ವಾರಕ್ಕೆ ಆ ಹುಡುಗಿಯ ಇ-ಮೇಲ್‌ನಿಂದ ತರಗತಿಯ ಒಬ್ಬ ಹುಡುಗನಿಗೆ ಪ್ರೇಮಪತ್ರ ಹೋಯಿತು. ಯಾರೋ ಅದನ್ನು ಪ್ರಿಂಟ್ ತೆಗೆಸಿದರು. ಬೆಂಚಿನಿಂದ ಬೆಂಚಿಗೆ ಹರಿದಾಡಿದ ಆ ಹಾಳೆ ಮೂರನೆಯ ದಿನ ಗುಡಿಯ ಕಟ್ಟೆಗೆ ಮುಟ್ಟಿತು.

ಆಚಾರ್ಯರು ಮಗಳನ್ನು ಕರೆದುಕೊಂಡು ಹೆಡ್ ಮಾಸ್ತರರ ಕೋಣೆಗೆ ಬಂದರು. ಹೆಡ್ ಮಾಸ್ತರರು ನನ್ನನ್ನೂ ಕರೆಸಿದರು. "ಕುಂದ್ರಿ" ಎಂದರೂ ಆಚಾರ್ಯರು ಕೂರಲಿಲ್ಲ. "ಸರ್ರೀ, ಇದು ನನ್ನ ಮಗಳು ಬರದಾಳೋ ಇಲ್ಲೋ, ಅಷ್ಟ ಹೇಳ್ರಿ. ಬ್ಯಾರೆ ಏನೂ ಬ್ಯಾಡ ನಂಗ" ಅಂದರು.

"ನಾ ಬರದಿಲ್ಲಪ್ಪಾ. ದೇವರಾಣಿ, ನಾ ಬರದಿಲ್ಲ" ಎಂದು ಹುಡುಗಿ ಅಳುತ್ತಿದ್ದಳು.

ಹೆಡ್ ಮಾಸ್ತರರು ನನ್ನ ಕಡೆ ತಿರುಗಿದರು. "ಟೀಚರ್, ಇಕಿ ಇ-ಮೇಲ್ ಬ್ಯಾರೆಯವ್ರಿಗೆ ತಗೀಲಿಕ್ಕ ಬರ್ತದೇನ್ರಿ?"

ನನಗೆ ಎಲ್ಲ ಗೊತ್ತಿತ್ತು. ಇಡೀ ತರಗತಿಗೆ ಬರುತ್ತದೆ, ಯಾಕೆಂದರೆ ನಾನೇ ಹಾಗೆ ಮಾಡಿದ್ದೇನೆ ಅನ್ನಬೇಕಿತ್ತು. ಆದರೆ ನನ್ನ ಕಣ್ಣು ಮೇಜಿನ ಮೇಲೆ ಬಿತ್ತು. ಅಲ್ಲಿ ನನ್ನ ವರ್ಗದ ಅರ್ಜಿ ಇನ್ನೂ ಸಹಿಯಾಗದೆ ಬಿದ್ದಿತ್ತು. "ಪಾಸ್‌ವರ್ಡ್ ಗೊತ್ತಿಲ್ದ ಯಾರಿಗೂ ಬರಂಗಿಲ್ರಿ" ಅಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಹಾಗಂತ ನನಗೆ ನಾನೇ ಎಷ್ಟು ಸಲ ಸಮಾಧಾನ ಹೇಳಿಕೊಂಡಿದ್ದೇನೋ! ಹುಡುಗಿ ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. ಮಾಡಿದವರು ಯಾರೆಂದು ನಾನು ಆಮೇಲೂ ಹುಡುಕಲಿಲ್ಲ. ಹುಡುಕಲು ಹೋದರೆ ಮಾತು ನನ್ನ ಬುಡಕ್ಕೇ ಬರುತ್ತಿತ್ತು. ಮರುದಿನ ಯಾಕೆಂದು ಯಾರಿಗೂ ಹೇಳದೆ ಎಲ್ಲರ ಪಾಸ್‌ವರ್ಡ್ ಬದಲಿಸಿದೆ, ಅಷ್ಟೇ.

ಅವಳು ಹತ್ತನೆಯ ಪರೀಕ್ಷೆಗೆ ತಂದೆಯ ಜೊತೆ ಬಂದು ತಂದೆಯ ಜೊತೆ ಹೋದಳು. ಶಾಲೆಗೇ ಮೊದಲಿಗಳಾಗಿ ಪಾಸಾದಳು. ಕಾಲೇಜಿಗೆ ಕಳಿಸಲಿಲ್ಲ. ಜಿಮ್ಮೇದಾರಿ ಹೊತ್ತ ನಾನು ಆ ಓಣಿಯ ಕಡೆ ತಲೆ ಹಾಕಲಿಲ್ಲ. ಆ ಬೇಸಿಗೆಯಲ್ಲಿ ನನಗೆ ವಾಡಿಗೆ ವರ್ಗವಾಯಿತು.

ವಾಡಿಗೆ ಬಂದ ಮೇಲೆ ಮಕ್ಕಳಿಗೆ ಇಂಟರ್ನೆಟ್ ಸುರಕ್ಷತೆಯ ಬಗ್ಗೆ ಹೇಳುವ ಕೆಲಸ ನನ್ನ ಪಾಲಿಗೇ ಬಂತು. ಶಹಾಬಾದ, ಚಿತ್ತಾಪುರ, ಎಲ್ಲ ಕಡೆ ಹೋಗಿ ಭಾಷಣ ಮಾಡಿದೆ. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ಹುಟ್ಟಿದ ದಿನ ಇಡಬೇಡಿ, ಏನಾದರೂ ಆದರೆ ಹೆದರದೆ ಟೀಚರಿಗೆ ಹೇಳಿ. ಈ ಕೊನೆಯ ಮಾತಿಗೆ ಬಂದಾಗಲೆಲ್ಲ ನೀರು ಕುಡಿದು ಮುಂದೆ ಸಾಗುತ್ತಿದ್ದೆ.

ನಾಲ್ಕು ವರ್ಷ ಕಳೆದ ಮೇಲೆ ಚಿಂಚೋಳಿಯ ಒಂದು ಶಾಲೆಯಲ್ಲಿ ಅದೇ ಭಾಷಣ ಮುಗಿಸಿದೆ. ಪಾಲಕರೂ ಬಂದಿದ್ದರು. ಹಿಂದಿನ ಸಾಲಿನಲ್ಲಿ ತಾಳಿ, ಹಸಿರು ಬಳೆಯ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ಪಕ್ಕದಲ್ಲಿ ಎಂಟನೆಯ ತರಗತಿಯ ನಾದಿನಿ. ಆಚಾರ್ಯರ ಮಗಳೆಂದು ಕೂಡಲೇ ಗುರುತು ಹತ್ತಿತು.

"ನಾದಿನಿ ನಿಮ್ಮ ಹೆಸರು ಹೇಳಿದಳ್ರಿ, ಅದಕ್ಕ ಬಂದೀನಿ. ಒಂದ ಕೇಳದದ ಟೀಚರ್ರೀ. ಅವತ್ತ ನನ್ನ ಇ-ಮೇಲ್ ಬ್ಯಾರೆಯವ್ರಿಗೆ ತಗೀಲಿಕ್ಕ ಬರ್ತಿತ್ತೇನ್ರಿ?"

ಸಭೆಯಲ್ಲಿ ಯಾರಿಗೂ ತಲೆಬುಡ ತಿಳಿಯಲಿಲ್ಲ. "ಬರ್ತಿತ್ತು" ಅಂದೆ. ಮತ್ತೊಮ್ಮೆ ಹೇಳಿದೆ. "ಬರ್ತಿತ್ತವ್ವಾ. ಇಡೀ ಕ್ಲಾಸಿಗೆ ಬರ್ತಿತ್ತು. ನಂಗ ಗೊತ್ತಿತ್ತು. ತಪ್ಪು ನಂದು."

"ಅದನ್ನ ಒಂದ ಹಾಳ್ಯಾಗ ಬರದ ಸಹಿ ಮಾಡಿ ಕೊಡ್ರಿ. ಅಪ್ಪ ಇನ್ನೂ ನನ್ನ ಜೋಡಿ ನೆಟ್ಟಗ ಮಾತಾಡಂಗಿಲ್ಲ. ತೋರಸ್ತೀನಿ."

ಅಲ್ಲೇ ಕೂತು ಬರೆದೆ. ಜೂನ್ ಒಂದರ ಕಥೆಯನ್ನೂ ಬಿಡದೆ ಎಲ್ಲ ಬರೆದೆ. ಕ್ಷಮಿಸು ಎಂದು ಕೇಳಲು ಬಾಯಿ ಬರಲಿಲ್ಲ, ಹಾಳೆಯ ಕೊನೆಗೆ ಬರೆದೆ. ಅವಳು ನಿಂತಲ್ಲೇ ಎರಡು ಸಲ ಓದಿದಳು. ನನ್ನ ಗಣಿತ ತಿದ್ದುತ್ತಿದ್ದಾಗ ಇರುತ್ತಿದ್ದ ಅದೇ ಮುಖ. ಹಾಳೆಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಳು.

"ನಾ ಜೂನ್ ಒಂದಕ್ಕ ಹುಟ್ಟಿಲ್ರಿ ಟೀಚರ್ರೀ. ನಾಗರ ಪಂಚಮಿ ಮರುದಿನ ಹುಟ್ಟೀನಿ. ಅಪ್ಪ ಪಂಚಾಂಗ ತಗದು ತಾರೀಖ ಸೈತ ಬರದಿಟ್ಟಾರ. ನೀವು ಒಮ್ಮಿ ನನ್ನ ಕೇಳಿದ್ರ ಸಾಕಿತ್ತು."