ಎತ್ತಿದ ಅಂಗೈ

ನಾನು ಬಹ್ರೇನ್‌ಗೆ ಬಂದ ಹೊಸತರಲ್ಲಿ ನಮ್ಮ ಮೇಡಂ ಆಗಿದ್ದವರು ಆಫ್ರಿಕನ್-ಅಮೆರಿಕನ್. ಮುಹರ್ರಕ್‌ನಲ್ಲಿ ಅವರದೊಂದು ಆಡಿಟ್ ಕಚೇರಿ, ಅದರ ಮೇಲಿನ ಮಹಡಿಯಲ್ಲಿ ಇಂಟರ್‌ನೆಟ್ ರೇಡಿಯೊ. ಇಂಥ ಜೋಡಿ ವ್ಯವಹಾರಕ್ಕೆ ಅವರಿಗಿಂತ ಮೊದಲು ಇಲ್ಲಿ ಯಾರೂ ಕೈಹಾಕಿರಲಿಲ್ಲ.

ಕೆಳಗೆ, ಗಿರಾಕಿಗೆ ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದರು. ನಾವು ನಡುವೆ ಬಾಯಿ ಹಾಕಹೋದರೆ ಅಂಗೈ ಎತ್ತಿ, "ಕಾಯಿರಿ, ಉತ್ತರ ಬರುತ್ತೆ" ಎನ್ನುತ್ತಿದ್ದರು. ಮೇಲೆ ಮಾತ್ರ ನಿಯಮ ತಿರುವುಮುರುವು. ಮಾತು ನಿಂತ ಕೂಡಲೇ ಹಾಡು ಹಾಕಬೇಕು. ರೇಡಿಯೊ ಒಂದು ಕ್ಷಣವೂ ಸುಮ್ಮನಿರಬಾರದು.

ಶುಕ್ರವಾರದ ಕನ್ನಡ ಕಾರ್ಯಕ್ರಮ ನನ್ನದು. ಒಮ್ಮೆ ಉಡುಪಿ ಕಡೆಯ ಡ್ರೈವರ್ ಒಬ್ಬರು ಸ್ಟುಡಿಯೊಗೆ ಬಂದು, ನೇರ ಪ್ರಸಾರದಲ್ಲಿ, ಊರಿನಲ್ಲಿ ಕೇಳುತ್ತಿದ್ದ ಹೆಂಡತಿಯೊಡನೆ ಮಾತಾಡುತ್ತಾ ತಟ್ಟನೆ ಮಾತು ನಿಲ್ಲಿಸಿಬಿಟ್ಟರು. ನನ್ನ ಕೈ ಹಾಡಿನ ಗುಂಡಿಗೆ ಹೋಯಿತು. ಗಾಜಿನ ಆಚೆ ಮೇಡಂ ಅಂಗೈ ಎತ್ತಿದರು. ಕನ್ನಡ ಅವರಿಗೆ ಒಂದಕ್ಷರವೂ ಬಾರದು.

ಎಸಿಯ ಸದ್ದು ಮಾತ್ರ ಊರಿಗೆ ಹೋಗುತ್ತಿತ್ತು.

"ಈ ಸರ್ತಿಯೂ ಬರ್ಲಿಕ್ಕೆ ಆಗುದಿಲ್ಲ ಮಾರಾಯ್ತಿ," ಎಂದರು ಡ್ರೈವರ್, ಕೊನೆಗೂ. "ಮಗಳ ಮದುವೆ ನೀನೇ ನಿಂತು ಮಾಡು."

ಮೇಡಂ ಅಂಗೈ ಇಳಿಸಿ, ಹಾಡಿನ ಗುಂಡಿಯತ್ತ ಬೆರಳು ತೋರಿದರು.